ಪುಸ್ತಕದ ಜರ್ಮನ್ ಯಾವ ಊರಿನದು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಜರ್ಮನ್ ಬಿ1 ಹಂತ ಮುಗಿಸಿದ್ದೇನೆ. ಇನ್ನು ಸ್ವಲ್ಪ ದಿನದಲ್ಲಿ ಕೆಲಸಕ್ಕೆಂದು ಸ್ಟುಟ್‌ಗಾರ್ಟ್ ಹತ್ತಿರ ಹೋಗುತ್ತಿದ್ದೇನೆ. ಅಲ್ಲಿನ ಟೀಮಿನವರು ನನ್ನ ಜೊತೆ ಮಾತಾಡಿದರೆ ಹೇಗೋ ಅರ್ಥವಾಗುತ್ತದೆ. ಅವರವರೇ ಮಾತಾಡಿಕೊಂಡರೆ ಅರ್ಧವೂ ತಿಳಿಯುವುದಿಲ್ಲ. ಹಾಗಾದರೆ ನಾನು ಕಲಿತದ್ದು ಯಾವ ಜರ್ಮನ್? 'ಹೋಖ್‌ಡಾಯ್ಚ್' ಅಂದರೆ ಮೇಲ್ಮಟ್ಟದ ಜರ್ಮನ್ ಎಂದೇ? ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬೈಬಲ್ ಅನುವಾದ ಮಾಡಿ ಈ ಭಾಷೆಯನ್ನು ಹುಟ್ಟುಹಾಕಿದರು ಎಂದು ಎಲ್ಲೋ ಓದಿದ್ದೆ, ನಿಜವೇ? ನಾನು ಈಗ ಅವರ ಸೀಮೆಯ ಮಾತಾದ ಶ್ವೇಬಿಷ್ ಬೇರೆ ಕಲಿಯಬೇಕೇ?

ಉತ್ತರ: ಮೊದಲು ನಿಮ್ಮ ಆತಂಕಕ್ಕೆ ಸಮಾಧಾನ ಹೇಳಿಬಿಡುತ್ತೇನೆ. ನೀವು ಕಲಿತದ್ದು ಸರಿಯಾದ ಜರ್ಮನ್ನೇ. ಅದರಲ್ಲೇ ಮಾತಾಡಿ, ಅದರಲ್ಲೇ ಬರೆಯಿರಿ. ಶ್ವೇಬಿಷ್ ಮಾತಾಡಲು ಕಲಿಯಬೇಕಾಗಿಲ್ಲ. ಕೇಳಿದರೆ ತಿಳಿಯುವಷ್ಟು ಕಿವಿ ಪಳಗಿದರೆ ಸಾಕು.

ಆದರೆ ನಿಮ್ಮ ಪ್ರಶ್ನೆಯ ಒಳಗೆ ಒಂದು ನಂಬಿಕೆ ಇದೆ. ಪುಸ್ತಕದ ಜರ್ಮನ್ ಮೊದಲು ಇತ್ತು, ಊರೂರಲ್ಲಿ ಜನ ಅದನ್ನು ಕೆಡಿಸಿಕೊಂಡು ಶ್ವೇಬಿಷ್, ಬವೇರಿಯಾದ ಬೈರಿಷ್ ಎಲ್ಲ ಆಯಿತು ಎಂಬ ನಂಬಿಕೆ. ಜರ್ಮನ್ ಕಲಿಯುವ ನಮ್ಮವರಲ್ಲಿ ಇದು ತುಂಬಾ ಜಾಸ್ತಿ. ಇದೊಂದನ್ನು ಬಿಟ್ಟುಬಿಡಿ. ಊರೂರ ಜರ್ಮನ್‌ಗಳೇ ಹಳೆಯವು. ನಿಮ್ಮ ಪಠ್ಯಪುಸ್ತಕದ ಜರ್ಮನ್ ಆಮೇಲೆ ಬಂದದ್ದು, ಅದೂ ಕಾಗದದ ಮೇಲೆ ಹುಟ್ಟಿದ್ದು. ಶತಮಾನಗಳ ಕಾಲ ಅದು ಯಾರ ಮನೆಮಾತೂ ಆಗಿರಲಿಲ್ಲ. ನಿಮ್ಮ ಸಹೋದ್ಯೋಗಿಗಳು ಸ್ಟ್ಯಾಂಡರ್ಡ್ ಭಾಷೆಯನ್ನು ತಪ್ಪಾಗಿ ಆಡುತ್ತಿಲ್ಲ. ಅದಕ್ಕಿಂತ ಹಳೆಯದೊಂದನ್ನು ಸರಿಯಾಗಿಯೇ ಆಡುತ್ತಿದ್ದಾರೆ.

ಈಗ 'ಹೋಖ್' ವಿಷಯಕ್ಕೆ ಬರೋಣ. ಹೋಖ್ ಅಂದರೆ ಎತ್ತರ. ಇದು ಅಂತಸ್ತಿನ ಎತ್ತರವಲ್ಲ, ನೆಲದ ಎತ್ತರ. ಜರ್ಮನಿಯ ಭೂಪಟ ನೋಡಿ. ದಕ್ಷಿಣದಲ್ಲಿ ಆಲ್ಪ್ಸ್ ಬೆಟ್ಟಗಳು, ನಡುವೆ ಗುಡ್ಡಗಾಡು, ಉತ್ತರದಲ್ಲಿ ಸಮುದ್ರದವರೆಗೆ ಬಯಲು. ದಕ್ಷಿಣ ಮತ್ತು ನಡುನಾಡಿನ ಮಾತುಗಳು ಹೋಖ್‌ಡಾಯ್ಚ್, ಅಂದರೆ ಮೇಲುನಾಡಿನ ಜರ್ಮನ್. ಉತ್ತರದ ಬಯಲಿನದು ನೀಡರ್‌ಡಾಯ್ಚ್, ಕೆಳನಾಡಿನ ಜರ್ಮನ್. ಜನ ಅದನ್ನು ಪ್ಲಾಟ್ ಎಂದು ಕರೆಯುತ್ತಾರೆ. ಭಾಷಾತಜ್ಞರ ಲೆಕ್ಕದಲ್ಲಿ ನಿಮ್ಮ ಸ್ಟುಟ್‌ಗಾರ್ಟಿನವರ ಶ್ವೇಬಿಷ್ ಅಪ್ಪಟ ಹೋಖ್‌ಡಾಯ್ಚ್! ಮುಂದೆ ಬರಹದ ಭಾಷೆಗೆ ಮೇಲುನಾಡಿನ ರೂಪಗಳೇ ಆಧಾರವಾದವು. ಹಾಗಾಗಿ ಸ್ಟ್ಯಾಂಡರ್ಡ್ ಭಾಷೆಗೂ ಜನ ಅದೇ ಹೆಸರು ಅಂಟಿಸಿದರು. ಗೊಂದಲ ಶುರುವಾದದ್ದು ಅಲ್ಲಿಂದ.

ಮೇಲುನಾಡು, ಕೆಳನಾಡು ಎಂದು ಭಾಷೆ ಒಡೆದದ್ದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಇದು ತಿಳಿದರೆ ನಿಮಗೆ ನೂರಾರು ಪದ ಸುಲಭವಾಗುತ್ತವೆ. ಸುಮಾರು 6ನೇ ಶತಮಾನದಿಂದ 8ನೇ ಶತಮಾನದ ನಡುವೆ ದಕ್ಷಿಣದಲ್ಲಿ ಕೆಲವು ವ್ಯಂಜನಗಳು ಬದಲಾದವು. 'ಪ' ಇದ್ದಲ್ಲಿ 'ಪ್ಫ' ಅಥವಾ 'ಫ' ಬಂತು. 'ಟ' ಇದ್ದಲ್ಲಿ 'ತ್ಸ' ಅಥವಾ 'ಸ' ಬಂತು. ಸ್ವರದ ನಂತರದ 'ಕ' ಗಂಟಲಿಗೆ ಜಾರಿ 'ಖ್' ಆಯಿತು. ಇಂಗ್ಲಿಷ್ ಮತ್ತು ಕೆಳನಾಡಿನ ಜರ್ಮನ್ ಈ ಬದಲಾವಣೆಗೆ ಸಿಗಲಿಲ್ಲ. ಆದ್ದರಿಂದ ನಿಮಗೆ ಗೊತ್ತಿರುವ ಇಂಗ್ಲಿಷ್ ಪದಗಳಲ್ಲೇ ಹಳೆಯ ವ್ಯಂಜನ ಉಳಿದಿದೆ. ಇಂಗ್ಲಿಷಿನ ವಾಟರ್ ಜರ್ಮನ್ನಲ್ಲಿ ವಾಸರ್. ಶಿಪ್ ಹೋಗಿ ಶಿಫ್. ಆ್ಯಪಲ್ ಹೋಗಿ ಆಪ್ಫೆಲ್. ಟೆನ್ ಹೋಗಿ ತ್ಸೇನ್. ಮೇಕ್ ಎನ್ನುವುದರ ಅಣ್ಣತಮ್ಮ ಮಾಖೆನ್. ಹ್ಯಾಂಬರ್ಗ್ ಕಡೆಯ ಹಳಬರ ಪ್ಲಾಟ್ ಕೇಳಿದರೆ ಅಲ್ಲಿ ಇವತ್ತಿಗೂ ವಾಟರ್, ಶಿಪ್, ಆಪೆಲ್, ಮಾಕೆನ್ ಎಂದೇ ಇದೆ.

ಈ ಬದಲಾವಣೆ ದಕ್ಷಿಣದಲ್ಲಿ ಜೋರಾಗಿತ್ತು, ಉತ್ತರಕ್ಕೆ ಹೋದಂತೆ ಸೊರಗಿತು. ಎಲ್ಲ ಪದಗಳೂ ಒಂದೇ ಗೆರೆಯ ಹತ್ತಿರ ನಿಲ್ಲಲಿಲ್ಲ. ಅದೇ ಇದರ ಸೊಗಸು. ರೈನ್ ನದಿಯ ಗುಂಟ ಉತ್ತರದಿಂದ ದಕ್ಷಿಣಕ್ಕೆ ಹೋಗಿ ನೋಡಿ. ಉರ್ಡಿಂಗನ್ ಎಂಬಲ್ಲಿ ನಾನು ಎಂಬ 'ಇಕ್' ಹೋಗಿ 'ಇಶ್' ಆಗುತ್ತದೆ. ಡ್ಯುಸೆಲ್‌ಡಾರ್ಫ್‌ನ ಭಾಗವಾದ ಬೆನ್ರಾಟ್ ಹತ್ತಿರ 'ಮಾಕೆನ್' ಹೋಗಿ 'ಮಾಖೆನ್' ಆಗುತ್ತದೆ. ಆದರೆ ಅದು ಎಂಬ 'ದಾಟ್' ಇನ್ನೂ 'ದಾಸ್' ಆಗಿರುವುದಿಲ್ಲ. ಅದಕ್ಕೆ ಇನ್ನೂ ಕೆಳಗೆ, ಸಾಂಕ್ಟ್ ಗೋವಾರ್ ತನಕ ಹೋಗಬೇಕು. 'ಆಪೆಲ್' 'ಆಪ್ಫೆಲ್' ಆಗಲು ಸ್ಪೈಯರ್ ದಾಟಬೇಕು. ಕೊಲೋನ್ ಊರಿನವರು ಇವತ್ತೂ 'ದಾಟ್', 'ವಾಟ್' ಅನ್ನುವುದು ಇದರಿಂದಲೇ. ಸ್ವಿಟ್ಜರ್ಲೆಂಡಿಗೆ ಹೋದರೆ ಪದದ ಮೊದಲ 'ಕ' ಕೂಡ ಬದಲಾಗಿದೆ. ಕಿಂಡ್, ಅಂದರೆ ಮಗು, ಅಲ್ಲಿ ಖಿಂಡ್.

ಈ ಗೆರೆಗಳು ಎಲ್ಲಿವೆ ಎಂದು ಗೊತ್ತಾದದ್ದು ಗೆಯೋರ್ಗ್ ವೆಂಕರ್ ಎಂಬ ವಿದ್ವಾಂಸರಿಂದ. ಅವರು 1876ರಲ್ಲಿ ಡ್ಯುಸೆಲ್‌ಡಾರ್ಫ್ ಸುತ್ತಮುತ್ತಲಿನ ಶಾಲಾ ಮೇಷ್ಟ್ರುಗಳಿಗೆ ಕೆಲವು ವಾಕ್ಯಗಳನ್ನು ಅಂಚೆಯಲ್ಲಿ ಕಳಿಸಿದರು. ಇವನ್ನು ನಿಮ್ಮ ಊರಿನ ಮಾತಿನಲ್ಲಿ ಬರೆದು ಕಳಿಸಿ ಎಂದು ಕೇಳಿದರು. ಮೊದಲ ವಾಕ್ಯದಲ್ಲಿ ಚಳಿಗಾಲದ ಗಾಳಿಯಲ್ಲಿ ಒಣಗಿದ ಎಲೆಗಳು ಹಾರಾಡುತ್ತವೆ, ಅಷ್ಟೇ. ರೈತರೂ ಮಕ್ಕಳೂ ಆಡುವಂಥ ಸಾದಾ ವಾಕ್ಯಗಳು. ಮುಂದೆ ಅವು 40 ವಾಕ್ಯಗಳ ಪಟ್ಟಿಯಾಗಿ ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಹೋದವು. 40 ಸಾವಿರಕ್ಕೂ ಹೆಚ್ಚು ಶಾಲೆಗಳಿಂದ ಉತ್ತರ ಬಂತು. ಅವನ್ನು ಆಧರಿಸಿ ಬರೆದ ನಕ್ಷೆಗಳು ಈಗಲೂ ಮಾರ್‌ಬುರ್ಗ್ ನಗರದಲ್ಲಿವೆ. ಒಂದು ಉಪಭಾಷೆ ಇಲ್ಲಿ ಮುಗಿಯಿತು, ಇನ್ನೊಂದು ಇಲ್ಲಿ ಶುರುವಾಯಿತು ಎಂದು ಬೇಲಿ ಹಾಕಲು ಆಗಲೇ ಇಲ್ಲ. ಒಂದೊಂದು ಪದದ ಗೆರೆ ಒಂದೊಂದು ಕಡೆ. ರೈನ್ ಪಕ್ಕದಲ್ಲಿ ಅವು ಬೀಸಣಿಗೆಯ ಕಡ್ಡಿಗಳ ಹಾಗೆ ಬಿಚ್ಚಿಕೊಂಡಿದ್ದವು. ಭಾಷಾತಜ್ಞರು ಅದನ್ನು ರೈನ್ ಬೀಸಣಿಗೆ ಎಂದೇ ಕರೆಯುತ್ತಾರೆ.

ಸರಿ, ಕಾಲದ ಕಡೆ ಬರೋಣ. ಸುಮಾರು 750ರಿಂದ 1050ರವರೆಗಿನದನ್ನು ಹಳೆಯ ಹೋಖ್‌ಡಾಯ್ಚ್ ಎನ್ನುತ್ತಾರೆ. ಬರೆಯುತ್ತಿದ್ದವರು ಮಠಗಳ ಸನ್ಯಾಸಿಗಳು. ಲ್ಯಾಟಿನ್ ಪದಗಳಿಗೆ ಜರ್ಮನ್ ಅರ್ಥ ಕೊಡುವ 'ಅಬ್ರೋಗಾನ್ಸ್' ಎಂಬ 8ನೇ ಶತಮಾನದ ಪದಪಟ್ಟಿಯ ಒಂದು ಹಳೆಯ ಪ್ರತಿ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಮಠದ ಗ್ರಂಥಾಲಯದಲ್ಲಿದೆ. ಆಗ ಎಲ್ಲರಿಗೂ ಒಂದೇ ಬರಹದ ರೂಢಿ ಇರಲಿಲ್ಲ. ಒಂದೊಂದು ಮಠದ್ದು ಒಂದೊಂದು ರೀತಿ. ಆ ಕಾಲದ ಪದಗಳಿಗೆ ಕೊನೆಯಲ್ಲಿ ತುಂಬು ಸ್ವರ ಇತ್ತು. ಹೆಸರು 'ನಾಮೋ', ನಾಲಿಗೆ 'ತ್ಸುಂಗಾ'. ಆಮೇಲೆ ಅವೆಲ್ಲ ಸವೆದು 'ನಾಮೆ', 'ತ್ಸುಂಗೆ' ಎಂದು ಒಂದೇ ಥರ ಆದವು.

ಅಲ್ಲಿಂದ 1350ರವರೆಗೆ ಮಧ್ಯಕಾಲದ ಹೋಖ್‌ಡಾಯ್ಚ್. ಅರಮನೆಗಳ ಕವಿಗಳ ಕಾಲ ಅದು. ಆ ಕಾಲದ ಒಂದು ಪದಗುಚ್ಛವನ್ನು ಜರ್ಮನ್ ಭಾಷೆಯ ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ: 'ಮೀನ್ ನ್ಯೂವೆಸ್ ಹೂಸ್'. ನನ್ನ ಹೊಸ ಮನೆ. ನೀವು ಕಲಿತ ಪುಸ್ತಕದಲ್ಲಿ ಅದು 'ಮೈನ್ ನಾಯೆಸ್ ಹೌಸ್'. ಉದ್ದದ 'ಈ' ಒಡೆದು 'ಐ' ಆಯಿತು, 'ಊ' ಒಡೆದು 'ಔ' ಆಯಿತು. ಈ ಬದಲಾವಣೆ ಹೊರಟದ್ದು ಆಗ್ನೇಯದಿಂದ, ಆಸ್ಟ್ರಿಯಾ ಕಡೆಯಿಂದ. ನಿಧಾನವಾಗಿ ಹಬ್ಬಿತು. ಸ್ವಿಟ್ಜರ್ಲೆಂಡಿನ ಬಹುಭಾಗಕ್ಕೂ ಉತ್ತರದ ಬಯಲಿಗೂ ತಲುಪಲಿಲ್ಲ. ಇವತ್ತು ಝ್ಯೂರಿಕ್‌ನಲ್ಲೂ ಮನೆ 'ಹೂಸ್', ಹ್ಯಾಂಬರ್ಗಿನ ಪ್ಲಾಟ್‌ನಲ್ಲೂ 'ಹೂಸ್'. ಜರ್ಮನ್ ಆಡುವ ನಾಡಿನ ಎರಡು ತುದಿಗಳಲ್ಲಿ ಹಳೆಯದು ಉಳಿದಿದೆ, ನಡುವೆ ಹೊಸದು ಬಂದಿದೆ. ನನಗೆ ಇದನ್ನು ಹೇಳುವಾಗಲೆಲ್ಲ ಖುಷಿಯಾಗುತ್ತದೆ.

ಇನ್ನೊಂದು ಬದಲಾವಣೆ ಇದರ ಉಲ್ಟಾ ನಡೆಯಿತು. ಒಳ್ಳೆಯದು ಎಂಬ 'ಗುವೊತ್' ಪದದಲ್ಲಿರುವಂಥ ಜೋಡಿಸ್ವರ ನಡುನಾಡಿನಲ್ಲಿ ಕೂಡಿಕೊಂಡು 'ಗೂಟ್' ಆಯಿತು. ಬವೇರಿಯಾದಲ್ಲೂ ಶ್ವೇಬಿಷ್ ಆಡುವ ಶ್ವಾಬನ್ ಸೀಮೆಯಲ್ಲೂ ಅದು ಕೂಡಿಕೊಳ್ಳಲಿಲ್ಲ. ಅವರು ಇವತ್ತೂ 'ಗುಅಟ್' ಎನ್ನುತ್ತಾರೆ. ಟೀಮ್ ಕಾಲ್‌ನಲ್ಲಿ ಈ 'ಗುಅಟ್' ನಿಮ್ಮ ಕಿವಿಗೂ ಬಿದ್ದಿರಬಹುದು. ಅದು ಎಂಟುನೂರು ವರ್ಷ ಹಿಂದಿನ ಸ್ವರ.

ಈಗ ನಿಮ್ಮ ಲೂಥರ್ ಪ್ರಶ್ನೆ. ಅರ್ಧ ನಿಜ. ಲೂಥರ್‌ಗೆ ಮುಂಚೆಯೇ ಜರ್ಮನ್ ಬೈಬಲ್‌ಗಳು ಅಚ್ಚಾಗಿದ್ದವು. 1466ರಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ ಯೋಹಾನ್ ಮೆಂಟೆಲಿನ್ ಮೊದಲನೆಯದನ್ನು ಅಚ್ಚು ಹಾಕಿದರು. ಲೂಥರ್ ಕಾಲಕ್ಕೆ ಮೇಲುನಾಡಿನ ಜರ್ಮನ್ನಲ್ಲಿ 14, ಕೆಳನಾಡಿನದರಲ್ಲಿ 4 ಬಂದಿದ್ದವು. ಎಲ್ಲರಿಗೂ ತಿಳಿಯುವ ಬರಹದ ಭಾಷೆಯೊಂದು ಬೇಕು ಎನ್ನುವುದೂ ಲೂಥರ್‌ಗೆ ಮೊದಲು ಹೊಳೆದದ್ದಲ್ಲ. ಅರಸರ ಕಚೇರಿಗಳಿಗೆ ಅದು ಆಗಲೇ ಬೇಕಾಗಿತ್ತು. ಸ್ಯಾಕ್ಸನಿಯ ಕಚೇರಿಯ ಗುಮಾಸ್ತರು ದೂರದ ಊರುಗಳಿಗೆ ಪತ್ರ ಬರೆಯಬೇಕಿತ್ತು. ತೀರಾ ಒಂದೂರಿನ ಪದ ಬಿಟ್ಟು, ಹತ್ತು ಕಡೆ ನಡೆಯುವ ಪದ ಹಿಡಿಯುತ್ತಿದ್ದರು. ಅಚ್ಚುಮನೆಯವರಿಗೂ ಅದೇ ಬೇಕು. ಪುಸ್ತಕ ಒಂದೇ ಊರಿನಲ್ಲಿ ಮಾರಾಟವಾದರೆ ಹೊಟ್ಟೆ ತುಂಬುವುದಿಲ್ಲ ಅಲ್ವಾ? ನಾನು ಬರೆಯುವುದು ಸ್ಯಾಕ್ಸನಿಯ ಕಚೇರಿಯ ಭಾಷೆಯನ್ನು ಅನುಸರಿಸಿ, ಮೇಲುನಾಡಿನವರಿಗೂ ಕೆಳನಾಡಿನವರಿಗೂ ತಿಳಿಯಲಿ ಎಂದು, ಎಂಬರ್ಥದ ಮಾತನ್ನು ಲೂಥರ್ ಹೇಳಿದ್ದೂ ದಾಖಲಾಗಿದೆ.

ಜಾಗವೂ ಅನುಕೂಲಕ್ಕೆ ಬಂತು. ಸ್ಯಾಕ್ಸನಿ ಇರುವ ಪೂರ್ವದ ನಡುನಾಡು 12ನೇ ಶತಮಾನದಿಂದ ಬೇರೆ ಬೇರೆ ಸೀಮೆಗಳ ಜನ ವಲಸೆ ಬಂದು ನೆಲೆಸಿದ ಜಾಗ. ನಾನಾ ಕಡೆಯ ಮಾತು ಅಲ್ಲಿ ಬೆರೆತಿತ್ತು. ಲೂಥರ್ ಕೆಲಸ ಮಾಡಿದ ವಿಟೆನ್‌ಬೆರ್ಗ್ ಮೇಲುನಾಡು, ಕೆಳನಾಡಿನ ಮಾತುಗಳು ತಾಕುವ ಅಂಚಿನಲ್ಲಿತ್ತು.

ಹಾಗಾದರೆ ಲೂಥರ್ ಮಾಡಿದ್ದೇನು? ಕಚೇರಿಯ ಒಣ ಭಾಷೆಗೆ ಜೀವ ತುಂಬಿದರು. 1521ರ ಕೊನೆಯಿಂದ ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ಹೊಸ ಒಡಂಬಡಿಕೆಯನ್ನು ಗ್ರೀಕ್‌ನಿಂದ ಅನುವಾದಿಸಿದರು. ಅದು 1522ರ ಸೆಪ್ಟೆಂಬರಿನಲ್ಲಿ ಅಚ್ಚಾಯಿತು. ಪೂರ್ತಿ ಬೈಬಲ್ ಬಂದದ್ದು 1534ರಲ್ಲಿ. ಮನೆಯಲ್ಲಿ ತಾಯಿ, ಬೀದಿಯಲ್ಲಿ ಮಕ್ಕಳು, ಸಂತೆಯಲ್ಲಿ ಸಾಮಾನ್ಯ ಮನುಷ್ಯ ಹೇಗೆ ಮಾತಾಡುತ್ತಾರೆ ಎಂದು ಅವರ ಬಾಯನ್ನೇ ನೋಡಬೇಕು ಎಂದು 1530ರಲ್ಲಿ ಬರೆದರು. ಅದನ್ನು ಮಾಡಿಯೂ ತೋರಿಸಿದರು. ಅವರ ವಾಕ್ಯಗಳು ಓದಿ ಹೇಳಲು ಸೊಗಸು. ಅದು ಮನೆಮನೆಗೆ ಹೋಯಿತು. ಗುಮಾಸ್ತರ ಕಾಗದ ಮನೆಮನೆಗೆ ಹೋಗುವುದಿಲ್ಲವಲ್ಲ.

ಆದರೂ ದಕ್ಷಿಣದವರಿಗೆ ಅದು ಸಲೀಸಾಗಿ ಅರ್ಥವಾಗಲಿಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ್ದು. 1523ರಲ್ಲಿ ಅಲ್ಲಿನ ಅಚ್ಚುಗಾರ ಆಡಮ್ ಪೆಟ್ರಿ ಲೂಥರ್ ಅನುವಾದವನ್ನು ಮರುಮುದ್ರಿಸಿದರು. ಜೊತೆಗೆ ಒಂದು ಪದಪಟ್ಟಿ ಸೇರಿಸಿದರು. ಜರ್ಮನ್ನಿಂದ ಜರ್ಮನ್ನಿಗೆ! ಲೂಥರ್ ತುಟಿಗೆ 'ಲಿಪೆ' ಎಂದು ಬರೆದಿದ್ದರೆ ಬಾಸೆಲ್ ಓದುಗರಿಗೆ 'ಲೆಫ್ತ್ಸೆ' ಎಂದು ಅರ್ಥ ಕೊಡಬೇಕಾಯಿತು. ನದಿಯ ದಡಕ್ಕೆ 'ಊಫರ್' ಎಂದರೆ ಅವರಿಗೆ 'ಗೆಸ್ಟಾಡ್' ಎನ್ನಬೇಕು. ಗುಡ್ಡಕ್ಕೆ 'ಹ್ಯೂಗೆಲ್' ಎಂದರೆ 'ಬ್ಯೂಹೆಲ್' ಎನ್ನಬೇಕು. ಈಗ ನಿಮ್ಮ ಬಿ1 ಪುಸ್ತಕ ತೆಗೆದು ನೋಡಿ. ಲಿಪೆ, ಊಫರ್, ಹ್ಯೂಗೆಲ್ ಮೂರೂ ಲೂಥರ್ ಪದಗಳೇ. ಅಂದಿನ ದಕ್ಷಿಣದವರಿಗೆ ಬೇರೆ ಸೀಮೆಯದಾಗಿ ಕೇಳಿದ ಪದಗಳು ಇಂದು ಎಲ್ಲರ ಪದಗಳಾಗಿವೆ. ಭಾಷೆಯನ್ನು ಲೂಥರ್ ಹುಟ್ಟಿಸಲಿಲ್ಲ. ಯಾವ ಪದ ಉಳಿಯಬೇಕು, ಯಾವುದು ಹಿಂದೆ ಸರಿಯಬೇಕು ಎಂಬ ತಕ್ಕಡಿಯಲ್ಲಿ ತಮ್ಮ ಕಡೆಗೆ ಭಾರ ಹಾಕಿದರು.

ಲೂಥರ್ ಹೆಸರೇ ಅಡ್ಡಿಯೂ ಆಯಿತು. ಕ್ಯಾಥೊಲಿಕ್ ದಕ್ಷಿಣದಲ್ಲಿ 18ನೇ ಶತಮಾನದ ನಡುಭಾಗದವರೆಗೂ ತಮ್ಮದೇ ಬರಹದ ರೂಢಿ ನಡೆಯುತ್ತಿತ್ತು. ಆತ್ಮಕ್ಕೆ 'ಜೇಲೆ' ಎಂದು ಕೊನೆಗೆ 'ಎ' ಹಚ್ಚಿ ಬರೆಯುವುದು ಲೂಥರ್ ಕಡೆಯವರ ರೂಢಿ. ಕ್ಯಾಥೊಲಿಕರು 'ಜೇಲ್' ಎಂದು ಬರೆಯುತ್ತಿದ್ದರು. ಆ ಒಂದು ಸ್ವರಕ್ಕೆ 'ಲೂಥರನ ಎ' ಎಂದೇ ಹೆಸರು ಬಿತ್ತು. ಆಸ್ಟ್ರಿಯಾದಲ್ಲಿ 1774ರಲ್ಲಿ ಅಲ್ಲಿನ ಅರಸಿ ಮಾರಿಯಾ ಥೆರೇಸಾ ಶಾಲೆಗಳ ಸುಧಾರಣೆ ಮಾಡಿದ ಮೇಲೆ ಉತ್ತರದ ಬರಹವೇ ಅಲ್ಲೂ ಗಟ್ಟಿಯಾಯಿತು.

ಉತ್ತರದ ಕಥೆ ಇದಕ್ಕಿಂತ ವಿಚಿತ್ರ. ಕೆಳನಾಡಿನ ಜರ್ಮನ್ ಒಂದು ಕಾಲದಲ್ಲಿ ದೊಡ್ಡ ವ್ಯಾಪಾರದ ಭಾಷೆ. ಲ್ಯೂಬೆಕ್ ನಗರದ ಮುಂದಾಳತ್ವದ ಹಾನ್ಸಾ ವರ್ತಕರ ಕೂಟ ಲಂಡನ್ನಿನಿಂದ ರಷ್ಯಾದ ನವ್‌ಗೊರೊದ್‌ವರೆಗೆ ಈ ಭಾಷೆಯಲ್ಲಿ ವ್ಯವಹಾರ ನಡೆಸಿತು. ಸ್ವೀಡಿಷ್, ಡೇನಿಷ್, ನಾರ್ವೇಜಿಯನ್ ಭಾಷೆಗಳಲ್ಲಿ ಇದರ ಪದಗಳು ರಾಶಿರಾಶಿ ಇವೆ. ಲ್ಯೂಬೆಕ್‌ನಲ್ಲಿ 1534ರಲ್ಲಿ ಲೂಥರ್ ಬೈಬಲ್ ಕೆಳನಾಡಿನ ಜರ್ಮನ್ನಲ್ಲಿ ಅಚ್ಚಾಯಿತು, ಲೂಥರ್‌ನ ಪೂರ್ತಿ ಬೈಬಲ್ ವಿಟೆನ್‌ಬೆರ್ಗ್‌ನಲ್ಲಿ ಬರುವುದಕ್ಕಿಂತ ಕೆಲವು ತಿಂಗಳು ಮೊದಲೇ. ಆದರೆ ಹಾನ್ಸಾ ಸೊರಗಿತು. 16ನೇ ಶತಮಾನದಲ್ಲಿ ಉತ್ತರದ ನಗರಗಳ ಕಚೇರಿಗಳು ಒಂದೊಂದಾಗಿ ಮೇಲುನಾಡಿನ ಬರಹಕ್ಕೆ ಬದಲಾದವು. ಆಮೇಲೆ ಚರ್ಚ್, ಶಾಲೆ ಕೂಡ.

ಈಗ ಉತ್ತರದವರು ಏನು ಮಾಡಬೇಕು? ಮನೆಯಲ್ಲಿ ಪ್ಲಾಟ್, ಶಾಲೆಯಲ್ಲಿ ಬೇರೆಯದೇ ಭಾಷೆ. ಅದನ್ನು ಅವರು ಬಹುಮಟ್ಟಿಗೆ ಪುಸ್ತಕದಿಂದ ಕಲಿತರು, ನೀವು ಕಲಿತ ಹಾಗೆಯೇ. ಪುಸ್ತಕದಿಂದ ಕಲಿಯುವವರು ಏನು ಮಾಡುತ್ತಾರೆ? ಬರೆದದ್ದನ್ನು ಬರೆದ ಹಾಗೇ ಓದುತ್ತಾರೆ. 'ಬ'ಕ್ಕೂ 'ಪ'ಕ್ಕೂ, 'ಡ'ಕ್ಕೂ 'ಟ'ಕ್ಕೂ ಸ್ಪಷ್ಟ ಅಂತರ ಇಟ್ಟು ಓದಿದರು. ಯಾರ ಬರಹವನ್ನು ಮಾದರಿ ಎಂದು ಇಟ್ಟುಕೊಂಡರೋ ಆ ಸ್ಯಾಕ್ಸನಿಯವರ ಬಾಯಲ್ಲಿ ಈ ಅಂತರವೇ ಮಸುಕು. ಅವರ 'ಪ' ಮತ್ತು 'ಬ' ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ.

18ನೇ ಶತಮಾನದಲ್ಲಿ ಸ್ಯಾಕ್ಸನಿಯ ಮಾತೇ ಚೆಂದ ಎಂದು ಬಹಳ ಜನ ನಂಬಿದ್ದರು. ಸ್ಯಾಕ್ಸನಿಯ ಲೈಪ್‌ತ್ಸಿಗ್ ನಗರದ ಪ್ರೊಫೆಸರ್ ಗಾಟ್‌ಷೆಡ್ 1748ರಲ್ಲಿ ತಮ್ಮ ವ್ಯಾಕರಣ ಪ್ರಕಟಿಸಿದಾಗ ಅದೇ ಸೀಮೆಯ ಸುಶಿಕ್ಷಿತರ ಭಾಷೆಯನ್ನು ಅಳತೆಗೋಲಾಗಿ ಹಿಡಿದರು. ಕವಿ ಗಯಟೆ 1765ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಓದಲು ಲೈಪ್‌ತ್ಸಿಗ್‌ಗೆ ಬಂದಾಗ ಅವರ ಊರಿನ ಮಾತನ್ನು ಅಲ್ಲಿನವರು ತಿದ್ದುತ್ತಲೇ ಇದ್ದರಂತೆ. ತಿದ್ದಿದರೂ ಅದು ಹೋಗಲಿಲ್ಲ. ಅವರ ಒಂದು ಹೆಸರಾಂತ ಪದ್ಯನಾಟಕದಲ್ಲಿ 'ನೈಗೆ' ಎಂಬುದಕ್ಕೆ 'ರೈಶೆ' ಪ್ರಾಸವಾಗಿ ಬರುತ್ತದೆ. ಪುಸ್ತಕದ ಉಚ್ಚಾರದಲ್ಲಿ ಅದು ಪ್ರಾಸವೇ ಅಲ್ಲ. ಫ್ರಾಂಕ್‌ಫರ್ಟ್ ಬಾಯಲ್ಲಿ ಓದಿದರೆ ಸರಿಯಾಗಿ ಕೂರುತ್ತದೆ. ಜರ್ಮನ್ ಸಾಹಿತ್ಯದ ಅತಿ ದೊಡ್ಡ ಹೆಸರು ತಮ್ಮ ಊರಿನ ಉಚ್ಚಾರದಲ್ಲೇ ಪ್ರಾಸ ಕಟ್ಟಿತು ಎಂಬುದನ್ನು ನೀವು ನೆನಪಿಟ್ಟುಕೊಂಡರೆ ಒಳ್ಳೆಯದು.

ಮುಂದಿನ ಶತಮಾನದಲ್ಲಿ ಗಾಳಿ ತಿರುಗಿತು. ಉತ್ತರದ ಪ್ರಷ್ಯಾ ರಾಜ್ಯ ಬಲವಾಯಿತು, ಅಧಿಕಾರ ಬರ್ಲಿನ್‌ಗೆ ಹೋಯಿತು. 1898ರಲ್ಲಿ ಥಿಯೊಡೊರ್ ಜೀಬ್ಸ್ ನಾಟಕದ ವೇದಿಕೆಗೆಂದು ಉಚ್ಚಾರದ ನಿಯಮ ಪ್ರಕಟಿಸಿದರು. ಅದು ಬಹುಮಟ್ಟಿಗೆ ಉತ್ತರದವರ ಓದಿನ ಉಚ್ಚಾರವನ್ನು ಆಧರಿಸಿತ್ತು. ಇವತ್ತು ಹಾನೋವರ್‌ನಲ್ಲಿ ಅತ್ಯಂತ ಶುದ್ಧ ಜರ್ಮನ್ ಆಡುತ್ತಾರೆ ಎಂಬ ಮಾತಿದೆ. ಹಾನೋವರ್ ಇರುವುದೇ ಹಳೆಯ ಕೆಳನಾಡಿನ ಸೀಮೆಯಲ್ಲಿ! ಸ್ಯಾಕ್ಸನ್ ಉಚ್ಚಾರವನ್ನೋ, ಟಿವಿಯಲ್ಲಿ ಅಣಕ ಮಾಡುತ್ತಾರೆ. ಬರಹ ಕೊಟ್ಟ ಸೀಮೆಯ ಬಾಯಿಗೆ ಮರ್ಯಾದೆ ಇಲ್ಲ, ಅದನ್ನು ಓದಿ ಕಲಿತ ಸೀಮೆಯ ಬಾಯಿಗೆ ಮರ್ಯಾದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಕಾಗುಣಿತದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾನ್ರಾಡ್ ಡೂಡನ್ ಎಂಬ ಹೈಸ್ಕೂಲು ಮುಖ್ಯೋಪಾಧ್ಯಾಯರು 1880ರಲ್ಲಿ ಸುಮಾರು 27 ಸಾವಿರ ಪದಗಳ ಕಾಗುಣಿತದ ನಿಘಂಟು ತಂದರು. 1901ರಲ್ಲಿ ಬರ್ಲಿನ್ ಸಮ್ಮೇಳನದಲ್ಲಿ ಎಲ್ಲ ಜರ್ಮನ್ ರಾಜ್ಯಗಳಿಗೂ ಒಂದೇ ಕಾಗುಣಿತ ಎಂದು ಒಪ್ಪಿಕೊಂಡರು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕೂಡ ಅದನ್ನೇ ತೆಗೆದುಕೊಂಡವು. ಕಣಿವೆ ಎಂಬರ್ಥದ 'ಟಾಲ್' ಪದದಲ್ಲಿದ್ದ ಎಚ್ ಆಗ ಹೋಯಿತು. ನಿಯಾಂಡರ್‌ತಾಲ್ ಮಾನವನ ಹೆಸರನ್ನು ಇಂಗ್ಲಿಷಿನಲ್ಲಿ ಎಚ್ ಹಾಕಿಯೂ ಬಿಟ್ಟೂ ಬರೆಯುವುದು ಇದರಿಂದಲೇ. 1856ರಲ್ಲಿ ಎಲುಬು ಸಿಕ್ಕಾಗ ಆ ಕಣಿವೆಯ ಹೆಸರಿನಲ್ಲಿ ಎಚ್ ಇತ್ತು. 1996ರಲ್ಲಿ ವಿಯೆನ್ನಾದಲ್ಲಿ ಇನ್ನೊಂದು ಸುಧಾರಣೆಗೆ ಸಹಿ ಬಿತ್ತು. ದೊಡ್ಡ ಜಗಳವಾಗಿ, 2006ರಲ್ಲಿ ತಿದ್ದುಪಡಿಯಾಗಿ ನಿಂತಿತು. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಜರ್ಮನ್ ಪುಸ್ತಕದಲ್ಲಿ 'ದಾಸ್' ಎಂಬ ಸಂಯೋಜಕ ಪದ ಎಸ್‌ಟ್ಸೆಟ್ (ß) ಅಕ್ಷರದಲ್ಲಿ ಕಂಡರೆ ಗಾಬರಿ ಬೇಡ. ಈಗ ಅದಕ್ಕೆ ಎರಡು ಎಸ್.

ಇಲ್ಲಿ ನಮ್ಮ ನಾಡಿಗೆ ತಾಕುವ ಒಂದು ವಿಷಯ ಹೇಳಲೇಬೇಕು. ಕನ್ನಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಸಮುದ್ರದ ಅಂಚಿನ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ. ಅದು ಪ್ಲಾಟ್ ಸೀಮೆ. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ ಬ್ರಾಕೆನ್‌ಹೈಮ್‌ನಲ್ಲಿ, ನೀವು ಹೋಗುತ್ತಿರುವ ಸ್ಟುಟ್‌ಗಾರ್ಟಿನ ಉತ್ತರಕ್ಕೆ. ಅವರಿಬ್ಬರನ್ನೂ ಕಳಿಸಿದ ಮಿಷನ್ ಇದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಒಬ್ಬರ ಸೀಮೆಯ ಮಾತು ಇನ್ನೊಬ್ಬರ ಸೀಮೆಯಲ್ಲಿ ಅರ್ಥವಾಗುವುದು ಕಷ್ಟ. ಅವರನ್ನು ಕೂಡಿಸಿದ್ದು ಬರಹದ ಜರ್ಮನ್. ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲಿ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಹೋಗಿ ಬರಬಹುದು, ಬಿಡುವಾದರೆ ಹೋಗಿ ಬನ್ನಿ.

ಇವತ್ತಿನ ಸ್ಥಿತಿ ಏನು? ಸ್ಟ್ಯಾಂಡರ್ಡ್ ಜರ್ಮನ್ ಕೂಡ ಒಂದೇ ಇಲ್ಲ. ಆಸ್ಟ್ರಿಯಾಕ್ಕೆ ತನ್ನದೇ ಅಧಿಕೃತ ನಿಘಂಟಿದೆ, ಮೊದಲು ಬಂದದ್ದು 1951ರಲ್ಲಿ. 1995ರಲ್ಲಿ ಆ ದೇಶ ಯುರೋಪಿಯನ್ ಒಕ್ಕೂಟ ಸೇರುವಾಗ ಒಪ್ಪಂದದಲ್ಲೇ 23 ಅಡುಗೆ ಪದಾರ್ಥಗಳ ಹೆಸರನ್ನು ಬರೆಸಿಕೊಂಡಿತು. ಆಲೂಗಡ್ಡೆ ಜರ್ಮನಿಯಲ್ಲಿ 'ಕಾರ್ಟೊಫೆಲ್', ನಮ್ಮಲ್ಲಿ 'ಎರ್ಡಾಪ್ಫೆಲ್', ಎರಡಕ್ಕೂ ಸಮಾನ ಮಾನ್ಯತೆ ಬೇಕು ಎಂದರು. ಸ್ವಿಟ್ಜರ್ಲೆಂಡಿನಲ್ಲಿ ಎಸ್‌ಟ್ಸೆಟ್ ಅಕ್ಷರವನ್ನೇ ಬಳಸುವುದಿಲ್ಲ, ಸೈಕಲ್‌ಗೆ 'ವೇಲೊ' ಎನ್ನುತ್ತಾರೆ. ನೀವು ಬರೆದದ್ದು ಗಯಟೆ ಸಂಸ್ಥೆಯ ಬಿ1 ಪರೀಕ್ಷೆ ಆಗಿದ್ದರೆ, ಅದನ್ನು ರೂಪಿಸಿದ್ದು ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮೂರೂ ಕಡೆಯವರು ಕೂಡಿ.

ಮನೆಮಾತು ಮತ್ತು ಸ್ಟ್ಯಾಂಡರ್ಡ್ ನಡುವಿನ ನಂಟು ಕೂಡ ಒಂದೊಂದು ಕಡೆ ಒಂದೊಂದು ಥರ. ಝ್ಯೂರಿಕ್‌ನಲ್ಲಿ ಬ್ಯಾಂಕ್ ಮ್ಯಾನೇಜರೂ ಪ್ರೊಫೆಸರೂ ತಮ್ಮತಮ್ಮಲ್ಲಿ ಸ್ವಿಸ್ ಜರ್ಮನ್ನೇ ಆಡುತ್ತಾರೆ. ಅದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ. 2011ರಲ್ಲಿ ಝ್ಯೂರಿಕ್ ಪ್ರಾಂತ್ಯದ ಮತದಾರರು ಶಿಶುವಿಹಾರದಲ್ಲಿ ಊರ ಮಾತೇ ಇರಲಿ ಎಂದು ಮತ ಹಾಕಿದರು. ಹ್ಯಾಂಬರ್ಗ್‌ನಲ್ಲಿ ಉಲ್ಟಾ. ಪ್ಲಾಟ್ ಬೀದಿಯಿಂದ ಹೆಚ್ಚುಕಡಿಮೆ ಮರೆಯಾಗಿದೆ. ಜರ್ಮನಿಯಲ್ಲಿ 1999ರಿಂದ ಯುರೋಪಿನ ಪ್ರಾದೇಶಿಕ ಭಾಷೆಗಳ ಒಪ್ಪಂದದಡಿ ಅದಕ್ಕೆ ರಕ್ಷಣೆ ಇದ್ದರೂ ಮನೆಯಲ್ಲಿ ಮಕ್ಕಳಿಗೆ ಕಲಿಸುವವರು ಕಡಿಮೆ.

ಸ್ಟುಟ್‌ಗಾರ್ಟ್ ಇವೆರಡರ ನಡುವೆ. ಅಲ್ಲಿ ಜನ ಅಪ್ಪಟ ಶ್ವೇಬಿಷ್‌ನಿಂದ ಅಪ್ಪಟ ಸ್ಟ್ಯಾಂಡರ್ಡ್‌ವರೆಗೆ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ನಿಮ್ಮ ಜೊತೆ ಮಾತಾಡುವಾಗ ಎರಡು ಮೆಟ್ಟಿಲು ಮೇಲೆ, ಅವರವರೇ ಇದ್ದಾಗ ಕೆಳಗೆ. ನಿಮಗೆ ಅರ್ಥವಾಗದೆ ಹೋದದ್ದು ಆಗಲೇ. ಆ ರಾಜ್ಯಕ್ಕೆ ಇದರ ಬಗ್ಗೆ ಹೆಮ್ಮೆಯೇ ಇದೆ. 1999ರಲ್ಲಿ ಬಾಡನ್-ವ್ಯುರ್ಟೆಂಬೆರ್ಗ್ ಸರ್ಕಾರವೇ 'ನಮಗೆ ಎಲ್ಲ ಬರುತ್ತದೆ, ಹೋಖ್‌ಡಾಯ್ಚ್ ಒಂದು ಬಿಟ್ಟು' ಎಂದು ಜಾಹೀರಾತು ಮಾಡಿತ್ತು.

ಇನ್ನು ಕೆಲಸಕ್ಕೆ ಬರುವ ಮಾತು. ಶ್ವೇಬಿಷ್ ಕೇಳುವಾಗ ಕೆಲವೇ ಸೂತ್ರಗಳು ಅರ್ಧ ದಾರಿ ದಾಟಿಸುತ್ತವೆ. ಪದದ ನಡುವೆ, ಕೊನೆಯಲ್ಲಿ ಬರುವ 'ಸ್ಟ್' ಅಲ್ಲಿ 'ಶ್ಟ್' ಅಥವಾ ಬರೀ 'ಶ್' ಆಗುತ್ತದೆ. 'ಇಸ್ಟ್' ಹೋಗಿ 'ಇಶ್', 'ಹಾಸ್ಟ್' ಹೋಗಿ 'ಹೊಶ್'. 'ನಿಶ್ಟ್' ಬದಲು 'ನೆಟ್'. ನಾವು ಎಂಬ 'ವಿಯರ್' ಬದಲು 'ಮಿಯರ್'. ಅದನ್ನು 'ನನಗೆ' ಎಂದುಕೊಂಡು ಕಂಗಾಲಾಗಬೇಡಿ. ಎಲ್ಲದಕ್ಕೂ 'ಲೆ' ಹಚ್ಚಿ ಪುಟ್ಟದು ಮಾಡುತ್ತಾರೆ. ಮನೆ 'ಹಾಯ್ಸ್‌ಲೆ'. ಭೂತಕಾಲಕ್ಕೆ 'ಗಿಂಗ್', 'ಕಾಮ್' ಎಂಬ ರೂಪಗಳು ಮಾತಿನಲ್ಲಿ ಕೇಳಿಸುವುದೇ ಇಲ್ಲ ಎನ್ನಬಹುದು. 'ಹಾಬೆನ್', 'ಜೈನ್' ಹಚ್ಚಿ ಹೇಳುವ ಪರ್ಫೆಕ್ಟ್ ರೂಪವೇ ಎಲ್ಲ ಕಡೆ. ನಿಮಗೆ ಅದು ಸುಲಭವೇ.

ಎಚ್ಚರ ಬೇಕಾದದ್ದು ಪರಿಚಿತ ಪದ ಬೇರೆ ಅರ್ಥದಲ್ಲಿ ಬಂದಾಗ. 'ಹೇಬೆನ್' ಎಂದರೆ ಎತ್ತು ಎಂದು ನೀವು ಕಲಿತಿದ್ದೀರಿ. ಶ್ವಾಬನ್ ಸೀಮೆಯಲ್ಲಿ ಅದು ಹಿಡಿದುಕೋ. ವರ್ಕ್‌ಶಾಪಿನಲ್ಲಿ ಯಾರಾದರೂ ಹಾಗಂದರೆ ಭಾರದ ಪಾರ್ಟನ್ನು ಸುಮ್ನೆ ಎತ್ತಲು ಹೋಗಬೇಡಿ, ಹಿಡಿದುಕೊಳ್ಳಿ ಸಾಕು. 'ಶಾಫೆನ್' ಎಂದರೆ ಕೆಲಸ ಮಾಡುವುದು. 'ಫೂಸ್' ಎಂದರೆ ಪಾದ ಮಾತ್ರವಲ್ಲ, ಇಡೀ ಕಾಲು. 'ಟೆಪಿಶ್' ಹೊದ್ದುಕೊಳ್ಳುವ ಹೊದಿಕೆಯೂ ಆಗಬಹುದು.

ಎಲ್ಲಕ್ಕಿಂತ ಮುಖ್ಯ ಗಡಿಯಾರ. 'ಹಾಲ್ಪ್ ದ್ರೈ' ಎಂದರೆ ಎರಡೂವರೆ ಎಂದು ನಿಮಗೆ ಗೊತ್ತು. ಅಲ್ಲಿನವರು ಅದೇ ಲೆಕ್ಕವನ್ನು ಮುಂದುವರಿಸುತ್ತಾರೆ. 'ಫಿರ್ಟೆಲ್ ದ್ರೈ' ಎಂದರೆ ಮೂರನೇ ಗಂಟೆಯ ಕಾಲು ಭಾಗ ಆಗಿದೆ, ಅಂದರೆ 2 ಗಂಟೆ 15 ನಿಮಿಷ. 'ದ್ರೈಫಿರ್ಟೆಲ್ ದ್ರೈ' ಎಂದರೆ 2 ಗಂಟೆ 45 ನಿಮಿಷ. 'ಫಿರ್ಟೆಲ್ ದ್ರೈ' ಅಂದಾಗ ಮೂರೂ ಕಾಲು ಎಂದುಕೊಂಡು ಹೋದರೆ ಮೀಟಿಂಗ್ ಮುಗಿದಿರುತ್ತದೆ. ಸಂಶಯ ಬಂದರೆ ಅಂಕಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಹೋಗುವ ಮೊದಲು ಆ ಸೀಮೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎಸ್‌ಡಬ್ಲ್ಯೂಆರ್‌ನ ಸ್ಥಳೀಯ ಕಾರ್ಯಕ್ರಮಗಳನ್ನು ಇಂಟರ್ನೆಟ್ಟಿನಲ್ಲಿ ನೋಡಿ. ನಿರೂಪಕರದು ಸ್ಟ್ಯಾಂಡರ್ಡ್. ರೈತರು, ಅಂಗಡಿಯವರು ಮಾತಾಡುವಾಗ ಶ್ವೇಬಿಷ್. ಎರಡೂ ಪಕ್ಕಪಕ್ಕ ಸಿಗುತ್ತವೆ. ಇಮೇಲ್, ರಿಪೋರ್ಟ್ ಎಲ್ಲ ನೀವು ಕಲಿತ ಭಾಷೆಯಲ್ಲೇ ಇರಲಿ, ಅವರೂ ಹಾಗೇ ಬರೆಯುತ್ತಾರೆ. ಕಾಲ್‌ನಲ್ಲಿ ಅರ್ಥವಾಗದಿದ್ದರೆ 'ಕ್ಯೋನ್‌ಟೆನ್ ಜೀ ಬಿಟೆ ಹೋಖ್‌ಡಾಯ್ಚ್ ಶ್ಪ್ರೆಶೆನ್' ಎಂದು ಸಂಕೋಚವಿಲ್ಲದೆ ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ 'ಸರಿಯಾದ ಜರ್ಮನ್ ಮಾತಾಡಿ' ಎಂದು ಮಾತ್ರ ಕೇಳಬೇಡಿ.